ಹೊರಬೀಡಿನ ಹೊಗೆ

ಬೆಳಿಗ್ಗೆ ಮನೆಯಲ್ಲಿ ಒಲೆ ಹೊತ್ತಿಕೊಂಡಿತೆಂದರೆ ನಾನು ಎದ್ದು ಬೀದಿಗೆ ಹೋಗುತ್ತೇನೆ. ಬೀದಿಯ ಆಚೆ ಬದಿಗೆ ನಿಂತು, ಕುತ್ತಿಗೆ ಎತ್ತಿ, ನಮ್ಮದೇ ಮನೆಯ ಹೆಂಚಿನ ಸಂದಿಯಿಂದ ಹೊಗೆ ಏಳುವುದನ್ನು ನೋಡುತ್ತೇನೆ. ಅದು ಮೇಲೆದ್ದು, ಬಾಗಿ, ಪಕ್ಕದ ಮನೆಯ ಹೊಗೆಯೊಡನೆ ಬೆರೆತು, ಯಾವುದು ಯಾರ ಮನೆಯದೆಂದು ಹೇಳಲಾಗದಂತಾದ ಮೇಲೆ ನನ್ನ ಎದೆ ಒಂದಿಷ್ಟು ಹಗುರಾಗುತ್ತದೆ. ಆಮೇಲೆ ಒಳಗೆ ಬಂದು ಹಲ್ಲುಜ್ಜುತ್ತೇನೆ.

ಹೊನ್ನಾಳಿಗೆ ವರ್ಗವಾಗಿ ಬಂದ ಹೊಸತರಲ್ಲಿ ಇದನ್ನು ಕಂಡ ನೆರೆಹೊರೆಯವರು ನಾನು ಹೊಗೆ ನೋಡಿ ಮಳೆ ಹೇಳುವವನೆಂದು ತಿಳಿದರು. ಎದುರುಮನೆಯ ಬಸಣ್ಣ ಒಂದು ದಿನ ಮೆಲ್ಲಗೆ ಬಂದು, "ಮೇಷ್ಟ್ರೇ, ಬಿತ್ತಾಕೆ ಹೋಗ್ಲೋ, ಇನ್ನೊಂದೀಟು ತಡೀಲೋ?" ಎಂದ. ಬಾಯಿಗೆ ಬಂದದ್ದನ್ನು ಹೇಳಿ ಕಳಿಸಿದೆ. ಗ್ರಹಚಾರಕ್ಕೆ ಅದೇ ಆಯಿತು. ಅಂದಿನಿಂದ ತುಂಗಭದ್ರೆಯ ಆಚೆ ದಂಡೆಯಿಂದಲೂ ಜನ ಕೇಳಲು ಬರುತ್ತಾರೆ. ಬಿ.ಎ. ಓದಿದ ಮನುಷ್ಯ ಹೊಗೆ ನೋಡಿ ಏನೂ ಹೇಳಲಾರ ಎಂದರೆ ಅವರು ನಂಬುವುದಿಲ್ಲ. ಹೆಂಡತಿ ಪಾರ್ವತಿ ಮಾತ್ರ ಬಾಗಿಲಿಗೆ ಬಂದು, "ಮನೆ ಎಲ್ಲೂ ಓಡಿ ಹೋಗಿಲ್ಲ, ಒಳಗೆ ಬರ್ರೀ" ಎನ್ನುತ್ತಾಳೆ. ನಾನು ಯಾಕೆ ನೋಡುತ್ತೇನೆಂದು ಅವಳಿಗೆ ಗೊತ್ತು. ಅವಳು ಎಂದೂ ಹಸಿ ಬೆರಣಿಯನ್ನು ಒಲೆಗೆ ಇಡುವುದಿಲ್ಲ ಎಂಬುದು ನನಗೂ ಗೊತ್ತು. ಅದರ ಮಾತನ್ನು ಇಬ್ಬರೂ ಆಡುವುದಿಲ್ಲ.

ಇವತ್ತು ಆಡಿಬಿಡುತ್ತೇನೆ. ಆದರೆ ಭಯದ ಮಾತನ್ನು ನೆಟ್ಟಗೆ ಶುರುಮಾಡುವ ಧೈರ್ಯ ನನಗಿಲ್ಲ. ನನ್ನ ಬಹುಮಾನದ ಕಡೆಯಿಂದ ಸುತ್ತಿಕೊಂಡು ಬರುತ್ತೇನೆ.

ನಾನು ಚನ್ನಗಿರಿಯವನು. ಅಪ್ಪನಿಗೆ ಅಲ್ಲೊಂದು ಜವಳಿ ಅಂಗಡಿ ಇತ್ತು. ಮಗ ಇಂಗ್ಲಿಷು ಚೆನ್ನಾಗಿ ಕಲಿಯಲಿ ಎಂದು ಅಪ್ಪ ನನ್ನನ್ನು ದೂರದ ಊರಿನ ಮಿಷನ್ ಹೈಸ್ಕೂಲಿಗೆ ಹಾಕಿದರು. ಅಲ್ಲಿ ಲೆಕ್ಕ, ಚರಿತ್ರೆಗಳಂತೆ ಬೈಬಲ್ ತರಗತಿಯೂ ಕಡ್ಡಾಯ. ಕೊನೆಗೆ ಪರೀಕ್ಷೆ, ಮೊದಲು ಬಂದವರಿಗೆ ಬಹುಮಾನ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಧರಿಸಿದ ನಾನು ಅದರಲ್ಲಿ ಮೊದಲು ಬಂದೆ. ಒಂದು ಪೆನ್‌ಚಾಕು ಕೊಟ್ಟರು. ಅವ್ವ ಅದನ್ನು ದೇವರ ಮುಂದೆ ಇಡುವುದೋ ಹಿತ್ತಲಿಗೆ ಎಸೆಯುವುದೋ ತಿಳಿಯದೆ ಎರಡು ದಿನ ಗೂಡಿನಲ್ಲಿಟ್ಟಿದ್ದಳು. ಅಪ್ಪ ಮಾತ್ರ ಅಂಗಡಿಗೆ ಬಂದವರಿಗೆಲ್ಲ, "ಯಾರ ದೇವರಾದ್ರೇನ್ರೀ, ಫಸ್ಟ್ ಬಂದಾನಲ್ಲ!" ಎನ್ನುತ್ತ ಬಟ್ಟೆ ಅಳೆಯುತ್ತಿದ್ದರು.

ನನಗೆ ಆ ಬಹುಮಾನ ತಂದುಕೊಟ್ಟದ್ದು ಒಂದು ಪ್ರಾರ್ಥನೆ. ಒಂದು ಜನಾಂಗ ಕಷ್ಟದಲ್ಲಿ ಬಿದ್ದು ದೇವರ ಮುಂದೆ ಅಳುವ ಪ್ರಾರ್ಥನೆ ಅದು. ನಾವು ನೀನೇ ತಂದು ನೆಟ್ಟ ಬಳ್ಳಿ. ನೀನೇ ನೆಲ ಹದಮಾಡಿದೆ, ಬೇಲಿ ಹಾಕಿದೆ. ಬಳ್ಳಿ ಹಬ್ಬಿ ಗುಡ್ಡಕ್ಕೇ ನೆರಳಾಯಿತು. ಈಗ ಯಾಕೆ ನೀನೇ ಬೇಲಿ ಕಿತ್ತೆ? ದಾರಿಹೋಕರೆಲ್ಲ ಹಣ್ಣು ಹರಿಯುತ್ತಾರೆ, ಕಾಡುಹಂದಿ ಬಂದು ಬುಡ ಅಗೆಯುತ್ತದೆ, ತಿರುಗಿ ನೋಡು, ಬಂದು ಕಾಪಾಡು. ಇದು ಅದರ ಸಾರ.

ಉಳಿದ ಹುಡುಗರು ಬಾಯಿಪಾಠ ಮಾಡಿದ್ದನ್ನು ಬರೆದರು. ನನಗೆ ಕಾಡುಹಂದಿ ಪರಿಚಯವಿತ್ತು. ನ್ಯಾಮತಿಯಲ್ಲಿ ಸೋದರಮಾವನ ಸೇಂಗಾ ಹೊಲ ಕಾಡಂಚಿಗೆ ಇತ್ತು; ರಜೆಯಲ್ಲಿ ಹೋದಾಗ ಬೆಳಗಾಗೆದ್ದು ನೋಡಿದರೆ ಬೇಲಿಯ ಒಂದು ಮೂಲೆ ಬಾಯಿ ತೆರೆದುಕೊಂಡಿರುತ್ತಿತ್ತು, ಒಳಗೆ ನೇಗಿಲು ಹೊಡೆದಂತೆ ಮಣ್ಣು ಎದ್ದಿರುತ್ತಿತ್ತು. ಮಾವ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಬದುವಿನ ಮೇಲೆ ಕುಳಿತುಬಿಡುತ್ತಿದ್ದ. ಆದ್ದರಿಂದ ಹಂದಿಯ ಮೂತಿ, ಅದರ ಕೋರೆ, ಅದು ಬೇಲಿಯ ಯಾವ ಜಾಗ ಹುಡುಕಿ ನುಗ್ಗುತ್ತದೆ ಎಂಬುದನ್ನೆಲ್ಲ ಉತ್ತರಪತ್ರಿಕೆಯಲ್ಲಿ ಒಂದು ಪುಟ ಬರೆದೆ. ಪಾದ್ರಿ ಮೇಷ್ಟರು ನಕ್ಕು ನಂಬರು ಕೊಟ್ಟರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, 'ಹಂದಿ ಚೆನ್ನಾಗಿದೆ. ಇನ್ನು ಜನರ ಕಡೆಗೆ ಬಾ' ಎಂದು ಬರೆದಿದ್ದರು.

ಜನರ ಕಡೆಗೆ ಬರಲು ನನಗೆ ಬಹಳ ವರ್ಷ ಹಿಡಿಯಿತು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮೈಸೂರಿನಲ್ಲಿ ಬಿ.ಎ. ಮುಗಿಸಿದ ನನಗೆ ಜಗಳೂರು ಸೀಮೆಯ ಒಂದು ಹಳ್ಳಿಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಆ ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ಇನ್ನೂ ಇದ್ದಾರೆ, ನನ್ನನ್ನು ಕಂಡರೆ ಈಗಲೂ ಕರೆದು ಕೂರಿಸಿ ಬೆಲ್ಲ ನೀರು ಕೊಡುತ್ತಾರೆ. ಊರಿಗೊಂದು ಅಗಸೆ, ಅಂದರೆ ಊರೊಳಗೆ ಹೋಗುವ ಬಾಗಿಲು. ಅದರಿಂದ ಒಳಗೆ ಬಂದರೆ ಬಲಗಡೆ ಮೊದಲನೆಯದೇ ನಮ್ಮ ಬಾಡಿಗೆ ಮನೆ. ಮೇಷ್ಟರಿಗೆ ಊರ ನಡುವೆ ಮನೆ ಯಾರು ಕೊಡುತ್ತಾರೆ? ಪಾರ್ವತಿ ಬಸುರಿಯಾಗಿದ್ದಳು. ಚೊಚ್ಚಲು ಹೆರಿಗೆಗೆ ತವರಿಗೆ, ಸಂತೇಬೆನ್ನೂರಿಗೆ, ಕಳಿಸಬೇಕು. ಇನ್ನೂ ತಿಂಗಳಿದೆ, ಮುಂದಿನ ವಾರ ಗಾಡಿ ಕಟ್ಟಿಸಿದರಾಯಿತು ಎಂದುಕೊಂಡಿದ್ದೆವು. ಅಷ್ಟರಲ್ಲಿ ಸುತ್ತಲ ಊರುಗಳಲ್ಲಿ ವಾಂತಿಭೇದಿ ಶುರುವಾಯಿತು. ಒಂದೊಂದು ಊರಿನವರೂ ದಾರಿಗೆ ಮುಳ್ಳು ಎಳೆದು ಗಾಡಿಗಳನ್ನು ತಿರುಗಿಸಿ ಕಳಿಸತೊಡಗಿದರು. ತವರಿನ ದಾರಿ ಮುಚ್ಚಿತು.

ರೋಗ ಬಂದ ಮೇಲೆ ತಾಲ್ಲೂಕಿನ ಆಸ್ಪತ್ರೆಯಿಂದ ಬಾವಿಗಳಿಗೆ ಔಷಧಿ ಹಾಕಲು ಒಬ್ಬ ನರ್ಸಮ್ಮನನ್ನು ಕಳಿಸಿದರು. ಹೆಸರು ರೂತಮ್ಮ. ಕ್ರೈಸ್ತರು, ವಿಧವೆ, ನಡುವಯಸ್ಸಿನ ದಪ್ಪ ಹೆಂಗಸು. ಕೈಯಲ್ಲಿ ಬಿಸಿಲಿಗೂ ನಾಯಿಗೂ ಆಗುವಂಥ ಒಂದು ಕರಿಯ ಕೊಡೆ. ಔಷಧಿ ಬಿದ್ದ ಬಾವಿಯ ನೀರು ನೇರಳೆಯಾಯಿತು. ಬಾವಿಗೆ ಏನೋ ಬೆರೆಸಿದಳು ಎಂದು ಊರು ಪಿಸುಗುಟ್ಟಿತು. ಇಳಿದುಕೊಳ್ಳಲು ಯಾರೂ ಜಾಗ ಕೊಡದಿದ್ದಾಗ ಪಾರ್ವತಿಯೇ ಕರೆದಳು. ಅವರು ನಮ್ಮ ಪಡಸಾಲೆಯಲ್ಲಿ ಹಾಸಿಕೊಂಡರು.

ಸಂಜೆ ಅವರು ಕಣ್ಣು ಮುಚ್ಚಿ ಗುನುಗುವುದನ್ನು ಕೇಳಿದರೆ ನನ್ನ ಬಳ್ಳಿ, ನನ್ನ ಬೇಲಿ, ನನ್ನ ಹಂದಿ! ನನಗೆ ತಡೆಯಲಾಗಲಿಲ್ಲ.

"ಅಮ್ಮ, ಇದರಲ್ಲಿ ನನಗೆ ಬಹುಮಾನ ಬಂದಿತ್ತು. ಇದು ನಿಮ್ಮ ಹಳೆಯ ಜನಕ್ಕೆ ಸೇರಿದ ಪ್ರಾರ್ಥನೆ ಅಲ್ಲವೆ?"

ಅವರು ಒಂದು ಕಣ್ಣು ತೆರೆದರು. "ಬಹುಮಾನ ಏನು ಕೊಟ್ರಪ್ಪ?"

"ಪೆನ್‌ಚಾಕು."

"ಹಂಗಾದ್ರೆ ಚಾಕು ನಿಮಗಿರ್ಲಿ, ಪ್ರಾರ್ಥನೆ ನನಗಿರ್ಲಿ" ಎಂದು ಮತ್ತೆ ಕಣ್ಣು ಮುಚ್ಚಿದರು. ಪಾರ್ವತಿ ಒಳಗಿನಿಂದ ನಕ್ಕದ್ದು ಕೇಳಿಸಿತು. ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಕೊನೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಾಗೇನೂ ಇಲ್ಲ, ಆಮೇಲೂ ನಕ್ಕಿದ್ದಾಳೆ. ಆದರೆ ಭಯ ನೆನಪನ್ನು ಹಾಗೆ ತಿದ್ದುತ್ತದೆ.

ಊರಲ್ಲಿ ಮೊದಲ ಸಾವು ಹಾಲಮ್ಮಜ್ಜಿಯ ಮನೆಯಲ್ಲಾಯಿತು, ಅವಳ ಸೊಸೆ. ಹಾಲಮ್ಮಜ್ಜಿ ಊರಿಗೇ ಹಿರಿಯಳು, ಗೌಡರನ್ನೂ 'ಏ ಹುಡುಗ' ಎನ್ನುವವಳು. ಮಾರಮ್ಮನ ಗುಡಿ ಕಟ್ಟುವಾಗ ತಲೆಯ ಮೇಲೆ ಕಲ್ಲು ಹೊತ್ತವಳು. ಇನ್ನೂ ಒಂದು ಸಾವಾದ ಮೇಲೆ ಗೌಡರು ಹೊರಬೀಡು ಸಾರಿಸಿದರು.

ಆ ಸೀಮೆಯಲ್ಲಿ ಇದು ಹಿಂದಿನಿಂದ ನಡೆದು ಬಂದ ಪದ್ಧತಿ. ಊರಿಗೆ ರೋಗ ಬಂದರೆ ಒಂದು ಮಂಗಳವಾರ ಸೂರ್ಯ ಹುಟ್ಟುವುದಕ್ಕೆ ಮೊದಲು ಊರಿಗೆ ಊರೇ ಮನೆ ಬಿಟ್ಟು ಹೊರಡಬೇಕು. ದನಕರು, ಕೋಳಿ, ತೊಟ್ಟಿಲ ಕೂಸು ಯಾವುದೂ ಒಳಗೆ ಉಳಿಯಬಾರದು. ಅಗಸೆಗೂ ಓಣಿಯ ಬಾಯಿಗಳಿಗೂ ಜಾಲಿಮುಳ್ಳು ಎಳೆಯುತ್ತಾರೆ. ಹಗಲೆಲ್ಲ ಹೊಲದಲ್ಲೇ ಅಡಿಗೆ, ಊಟ. ಬರಿದಾದ ಊರಲ್ಲಿ ರೋಗದ ಮಾರಿ ಒಬ್ಬಳೇ ತಿರುಗಾಡಿ, ಯಾರನ್ನೂ ಕಾಣದೆ ಹೊರಟುಹೋಗುತ್ತಾಳೆ ಎಂದು ನಂಬಿಕೆ. ಹೊತ್ತು ಮುಳುಗಿದ ಮೇಲೆ ಮುಳ್ಳು ತೆಗೆದು ಎಲ್ಲರೂ ಒಟ್ಟಿಗೆ ಒಳಗೆ ಬರುತ್ತಾರೆ. ಅಲ್ಲಿಯವರೆಗೆ ಊರೊಳಗೆ ಒಂದು ಒಲೆಯೂ ಹೊತ್ತಬಾರದು. ಹೊತ್ತಿತೋ, ಮಾರಿ ಆ ಬೆಂಕಿಯ ಬಳಿ ಕಾಲು ಚಾಚಿ ಕುಳಿತುಬಿಡುತ್ತಾಳೆ.

ನಾನು ಇದನ್ನು ನಂಬುತ್ತಿದ್ದೆನೆ? ಇಲ್ಲ. ಆದರೆ ನನ್ನನ್ನು ಬಿಟ್ಟು ಎಲ್ಲರೂ ನಂಬುತ್ತಿದ್ದರು. ನನ್ನ ಮನೆಯ ಸುತ್ತ ಇದ್ದವರು ಅವರು.

ಮಂಗಳವಾರ ನಸುಕಿನಲ್ಲಿ ತಮಟೆ ಬಡಿಯಿತು. ನಾನು ಪಾತ್ರೆಯ ಗಂಟು ಎತ್ತಿದೆ. ಪಾರ್ವತಿ ಹೊಸ್ತಿಲು ದಾಟಲು ಕಾಲೆತ್ತಿದವಳು ಹಾಗೇ ಬಾಗಿಲ ಚೌಕಟ್ಟು ಹಿಡಿದು ಕುಸಿದಳು. ರೂತಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋಗಿ ನೋಡಿ ಬಂದರು.

"ದಿನ ತುಂಬಿಲ್ಲ, ಆದ್ರೂ ಬಂದೈತೆ. ಅಡ್ಡ ಇದ್ದಂಗೈತೆ ಕೂಸು. ಈಗ ನಡೆಸಿದ್ರೆ, ಗಾಡೀಲಿ ಕುಲುಕಿಸಿದ್ರೆ ಇಬ್ರೂ ದಕ್ಕಲ್ಲ."

"ಇವತ್ತು ಒಳಗೆ ಇರುವ ಹಾಗಿಲ್ಲ ಅಮ್ಮ. ಕಂಡರೆ ಸುಮ್ಮನೆ ಬಿಡುವುದಿಲ್ಲ."

"ಕಾಣಬಾರದು ಹಂಗಾದ್ರೆ. ನೀವು ಹೋಗ್ರಿ. ಹೊರಗೆ ನಮ್ಮೋರು ಅಂತ ಒಬ್ರು ಇರ್ಬೇಕು. ಬೀಗ ಹಾಕ್ಕೊಂಡು ಹೋಗ್ರಿ."

ನಾನು ಬೀಗ ಹಾಕಿದೆ. ಹೆರಿಗೆ ನೋವಿನಲ್ಲಿರುವ ಹೆಂಡತಿಯ ಮೇಲೆ ಹೊರಗಿನಿಂದ ಬೀಗ ಹಾಕಿದ ಸದ್ದು ಈಗಲೂ, ಶಾಲೆಯ ಕಪಾಟಿಗೆ ಬೀಗ ಹಾಕುವಾಗ, ನನ್ನ ಕೈಯನ್ನು ತಡೆಯುತ್ತದೆ.

ಅಗಸೆಯಲ್ಲಿ ಕಾವಲಿಗಿದ್ದವನು ಪಿಂಜಾರರ ಇಮಾಂಸಾಬ್. ಹತ್ತಿ ಹಿಂಜಿ ಹಾಸಿಗೆ ಹೊಲಿಯುವವನು, ನಮ್ಮ ಎದುರುಮನೆಯವನು. ತುದಿ ಕವಲೊಡೆದ ಉದ್ದನೆಯ ಕವೆಗೋಲಿನಿಂದ ಮುಳ್ಳು ಎಳೆಯುತ್ತಿದ್ದ. "ಹತ್ತಿ ಹಿಡಿಯೋನ ಕೈಗೆ ಮುಳ್ಳು ಕೊಟ್ಟಾರೆ ನೋಡ್ರಿ ಮೇಷ್ಟ್ರೇ" ಎಂದು ನಕ್ಕ. ಆಮೇಲೆ ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದ. ನಗು ನಿಂತಿತು. ಒಂದು ಮಾತೂ ಕೇಳದೆ ನನ್ನನ್ನು ದಾಟಿಸಿ ಮುಳ್ಳು ಎಳೆದುಕೊಂಡ.

ಹೊಲದಲ್ಲಿ ಬೇವಿನ ಮರದ ಕೆಳಗೆ ಊರು ಕಾಯುವ ಮಾರಮ್ಮನನ್ನು ಗುಡಿಯಿಂದ ತಂದು ಕೂರಿಸಿದ್ದರು. ಸುತ್ತ ಒಂದೊಂದು ಮನೆಯದೂ ಒಂದೊಂದು ಕಲ್ಲೊಲೆ. ಹೆಂಗಸರು ನನ್ನನ್ನು, "ಪಾರೋತಮ್ಮ ಎಲ್ರೀ?" ಎಂದರು. "ಆ ಕಡೆ" ಎಂದು ಕೈ ಬೀಸಿದೆ. ಯಾವ ಕಡೆ ಎಂದು ನನಗೇ ಗೊತ್ತಿರಲಿಲ್ಲ. ನಮ್ಮ ಮನೆಯ ಮಾಡು ಕಾಣುವ ಜಾಗ ಹುಡುಕಿ ಕುಳಿತೆ. ಯಾರಾದರೂ ಆ ಕಡೆ ನೋಡಿದರೆ ನನ್ನ ಹೊಟ್ಟೆ ತೊಳಸುತ್ತಿತ್ತು. ಹೊಟ್ಟೆ ತೊಳಸಿದರೆ ರೋಗವೇ ಬಂತೆಂದು ಇನ್ನೊಂದು ಭಯ.

ಹಾಲಮ್ಮಜ್ಜಿ ದೇವಿಯ ಎದುರು ಕುಳಿತು ಕೈ ಮುಗಿದಿರಲಿಲ್ಲ, ಬೈಯುತ್ತಿದ್ದಳು.

"ಉಂಡ್ಯೇನೇ? ಉಂಡು ಮೈಮರೆತು ಮಲಗಿದ್ಯೇನೇ? ನಿನ್ನ ಗುಡಿಗೆ ಕಲ್ಲು ಹೊತ್ತೋಳು ನಾನು, ನೆತ್ತಿ ಇನ್ನೂ ನೋಯ್ತೈತೆ. ನನ್ನ ಮನೆ ದೀಪಾನೇ ಆರಿಸ್ದೆಲ್ಲೇ! ಮಕ್ಕಳ್ನ ಕಾಯಾಕೆ ಆಗ್ದೋಳು ಸೀರೆ ಉಟ್ಕೊಂಡು ಯಾಕೆ ಕೂತೀಯೇ? ಏಳೇ, ಕಣ್ಣು ಬಿಡೇ!"

ಯಾರೂ ಅವಳನ್ನು ತಡೆಯಲಿಲ್ಲ. ಹಿರಿಯರು ತಲೆ ಬಗ್ಗಿಸಿ, ಮಂತ್ರ ಕೇಳುವವರ ಹಾಗೆ ಕೇಳುತ್ತಿದ್ದರು. ನನ್ನ ಕಣ್ಣು ಮಾತ್ರ ಮಾಡಿನ ಮೇಲೆ.

ಬಿಸಿಲು ಏರುವ ಹೊತ್ತಿಗೆ ಹೊಗೆ ಎದ್ದಿತು. ಹೆರಿಗೆಗೆ ಬಿಸಿನೀರು ಬೇಕಾಗಿ ರೂತಮ್ಮ ಒಲೆ ಹಚ್ಚಿದ್ದರು.

ತೆಳ್ಳಗೆ ಎದ್ದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲವೋ ಏನೋ. ಹಿಂದಿನ ವಾರ ಅಗ್ಗಕ್ಕೆ ಸಿಕ್ಕವೆಂದು ಹಸಿ ಬೆರಣಿ ತಂದಿಟ್ಟವನು ನಾನೇ; ವ್ಯಾಪಾರದಲ್ಲಿ ನಾನು ಅಪ್ಪನ ಮಗ ಎಂದು ಪಾರ್ವತಿಯ ಮುಂದೆ ಬೀಗಿದ್ದೆ ಬೇರೆ. ದಪ್ಪಗೆ, ಬೆಳ್ಳಗೆ, ಆ ಬರಿದಾದ ಊರಿನ ಮೇಲೆ ಒಂದೇ ಒಂದು ಕಂಬದ ಹಾಗೆ ಹೊಗೆ ನಿಂತಿತು. ಗಾಳಿಯೂ ಇರಲಿಲ್ಲ. ಇವತ್ತಿಗೂ ನಾನು ಕಣ್ಣು ಮುಚ್ಚಿ ಆ ಬೆರಣಿಗಳನ್ನು ಬಿಸಿಲಿಗೆ ಇಡುತ್ತೇನೆ, ತಿರುವಿ ಒಣಗಿಸುತ್ತೇನೆ, ಆಮೇಲೆ ಒಲೆಗೆ ಕೊಡುತ್ತೇನೆ. ಆದರೂ ಹೊಗೆ ಹಾಗೇ ಏಳುತ್ತದೆ.

"ಏ! ಊರಾಗೆ ಹೊಗೆ!"

ಒಬ್ಬರು ಕೂಗಿದರು, ಎಲ್ಲರೂ ಎದ್ದರು. ಕಲ್ಲೊಲೆಯ ಮೇಲೆ ಅನ್ನ ಕುದಿಯುವ ಸದ್ದು ಕೇಳುತ್ತಿತ್ತು. ಗೌಡರು ಹುಬ್ಬಿಗೆ ಕೈಯಿಟ್ಟು ನೋಡಿ, "ಅಗಸೆ ಪಕ್ಕದ್ದು. ಮೇಷ್ಟ್ರ ಮನೆ" ಎಂದರು. ನೂರಾರು ಮುಖಗಳು ನನ್ನ ಕಡೆ ತಿರುಗಿದವು. ಮಗ್ಗಿ ಹೇಳಿಕೊಟ್ಟ ಮಕ್ಕಳ ಅಪ್ಪಂದಿರ ಮುಖಗಳು ಅವು. ಒಂದನ್ನೂ ಗುರುತು ಹಿಡಿಯಲಾಗಲಿಲ್ಲ.

"ಹೆಂಡತಿಗೆ ನೋವು ಶುರುವಾಗಿದೆ" ಎಂದೆ.

ಯಾರೋ, "ಆ ನರ್ಸಮ್ಮನದೇ ಕೆಲ್ಸ. ಬಾವಿ ಕೆಡಿಸಿದ್ಲು, ಈಗ ಬೀಡು ಕೆಡಿಸಿದ್ಲು" ಎಂದರು. ಅಷ್ಟು ಸಾಕಾಯಿತು. ಗಂಡಸರು ಬಡಿಗೆ ಹಿಡಿದು ಹೊರಟರು. ನಾನು ಅವರ ಮುಂದೆ ಓಡಿದೆನೋ, ಅವರ ನಡುವೆ ಸಿಕ್ಕಿ ನೂಕಿಸಿಕೊಂಡು ಹೋದೆನೋ ಹೇಳಲಾರೆ. ಒಂದು ಚಪ್ಪಲಿ ಹೊಲದಲ್ಲೇ ಉಳಿಯಿತು.

ಅಗಸೆಯ ಮುಳ್ಳಿನ ಮುಂದೆ ಇಮಾಂಸಾಬ್ ಕವೆಗೋಲು ಅಡ್ಡ ಹಿಡಿದು ನಿಂತಿದ್ದ. "ಹೊತ್ತು ಮುಳುಗೋ ಮಟ ಯಾರ್ನೂ ಒಳಗೆ ಬಿಡಬ್ಯಾಡ ಅಂದೋರು ನೀವೇ ಗೌಡ್ರೇ" ಎಂದ.

"ಪಕ್ಕಕ್ಕೆ ಸರಿ ಸಾಬಣ್ಣ. ಬೆಂಕಿ ಆರಿಸಿ, ಒಳಗಿರೋರ್ನ ಎಳ್ಕೊಂಡು ಬರ್ತೀವಿ."

"ಹೆರೋ ಹೆಂಗಸ್ನ ಎಳ್ಕೊಂಡು ಬರಾಕೆ ಆಗ್ತೈತೇನ್ರೀ?"

ಹಿಂದಿನಿಂದ ಒಂದು ಕಲ್ಲು ಹಾರಿಹೋಗಿ ನಮ್ಮ ಮಾಡಿಗೆ ಬಿತ್ತು. ಹೆಂಚು ಒಡೆಯಿತು. ಇನ್ನೊಂದು. ಆ ಸದ್ದಿಗೆ ಒಳಗಿನಿಂದ ಪಾರ್ವತಿ ಚೀರಿದಳು. ಆ ಚೀರಿನ ಹಿಂದೆಯೇ, ಗೋಡೆಯ ಗವಾಕ್ಷಿಯಿಂದ ರೂತಮ್ಮನ ದನಿ. ಪಡಸಾಲೆಯಲ್ಲಿ ಗುನುಗುತ್ತಿದ್ದ ದನಿಯಲ್ಲ; ಸಂತೆಯಲ್ಲಿ ಮೋಸ ಹೋದವಳು ಜಗಳಕ್ಕೆ ನಿಂತ ದನಿ.

"ಯಾಕಪ್ಪಾ ಬೇಲಿ ಕಿತ್ತೆ? ನೀನೇ ನೆಟ್ಟಿದ್ದಲ್ವಾ ಈ ಊರು? ಎಷ್ಟು ದಿನ ಇವರಿಗೆ ಕಣ್ಣೀರೇ ಊಟ? ಹಂದಿ ನುಗ್ಗಿ ಬುಡ ಅಗೀತೈತೆ, ನೋಡ್ಕೊಂಡು ಕೂತಿದ್ದೀಯಾ? ಇಳಿದು ಬಾ! ಈ ಊರ್ನ ಕಾಯಿ! ಹೊರಗೆ ಕಲ್ಲು ಹಿಡ್ದೋರ್ನೂ ಕಾಯಿ!"

ಹಾಲಮ್ಮಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂದಿದ್ದಳು. ನನಗೆ ಎಲ್ಲರಿಗಿಂತ ಹೆಚ್ಚು ಭಯವಿದ್ದದ್ದು ಅವಳದೇ. ಸೊಸೆಯನ್ನು ಮಣ್ಣು ಮಾಡಿ ವಾರವಾಗಿರಲಿಲ್ಲ. 'ಎಳೀರೋ' ಎಂದು ಅವಳೊಬ್ಬಳು ಅಂದರೆ ಮುಗಿಯಿತು. ಅವಳು ಕಿವಿಗೆ ಕೈ ಒಡ್ಡಿ ಕೇಳಿದಳು.

"ಯಾರ್ನ ಬೈತಾ ಐತೆ ಮೇಷ್ಟ್ರೇ ಅದು?"

"ಅವರ ದೇವರನ್ನ."

"ದೇವರ್ನ ಬೈತಾರಾ ಅವರೂ?"

"ಅವರ ಪುಸ್ತಕದಲ್ಲೇ ಇದೆ ಅಜ್ಜಿ. ಊರು ಕಾಯಲಿಲ್ಲ ಅಂತ ಬೈಯುವ ಪ್ರಾರ್ಥನೆ."

"ಯಾವೂರು? ಅವರೂರಾ?"

ನಾನು ಬಾಯಿ ತೆರೆದೆ. ಪರೀಕ್ಷೆಯಲ್ಲಿ ಇದಕ್ಕೆ ಉತ್ತರ ಬರೆದು ಬಹುಮಾನ ಪಡೆದವನು ನಾನು: ಪುರಾತನ ಕಾಲದ ಇಂಥ ಜನಾಂಗ, ಇಂಥ ದೇಶ. ಆ ಉತ್ತರ ನಾಲಗೆಯ ತನಕ ಬಂದು ನಿಂತಿತು. ಒಳಗಿನ ಹೆಂಗಸು ಹೇಳುತ್ತಿದ್ದದ್ದು ಅದಲ್ಲ. ನನ್ನ ಹೆಂಡತಿಯ ಹೆಸರನ್ನೂ ಅವರು ಎತ್ತಿರಲಿಲ್ಲ, ತಮ್ಮ ಹೆಸರನ್ನೂ ಎತ್ತಿರಲಿಲ್ಲ.

"ಈ ಊರು ಅಜ್ಜಿ. ನಿಮ್ಮ ಊರಿಗೇ ಕೇಳ್ತಿರೋದು. ನಿನ್ನ ಮಕ್ಕಳಿಗೆ ಹಾಕಿದ ಬೇಲಿ ಯಾಕೆ ಕಿತ್ತೆ ಅಂತ."

ಬೆಳಿಗ್ಗೆಯಿಂದ ಬೈದು ಬೈದು ಅಜ್ಜಿಯ ಗಂಟಲು ಒಡೆದಿತ್ತು. ಒಳಗೆ ರೂತಮ್ಮ ಮತ್ತೆ ಶುರುಮಾಡಿದರು. ಅಜ್ಜಿ ತಲೆ ಆಡಿಸುತ್ತ ಕೇಳಿದಳು. ಹಾಡು ಬಲ್ಲವಳು ಇನ್ನೊಬ್ಬಳ ಹಾಡಿಗೆ ತಲೆ ಆಡಿಸುವಂತೆ.

"ನನ್ನಂಗೇ ಬೈತಾಳೆ ಮುಂಡೇದು" ಎಂದಳು. ಆಮೇಲೆ ಗೌಡರ ಕಡೆ ತಿರುಗಿದಳು. "ಏ ಹುಡುಗ, ಊರಾಗೆ ಹೊಗೆ ಏಳಬಾರದು, ಅಷ್ಟೇ ಅಲ್ವೇನೋ?"

"ಹೌದಜ್ಜಿ, ಅದಕ್ಕೇ..."

"ಊರು ಎಲ್ಲಿಂದ?"

"ಮುಳ್ಳಿನಿಂದ ಒಳಗೆ."

"ಹಂಗಾದ್ರೆ ಮುಳ್ಳು ಹಿಂದಕ್ಕೆ ಎಳೀರಿ. ಮೇಷ್ಟ್ರ ಮನೆ ಆಚೆಗೆ ಹಾಕ್ರಿ. ಮನೆ ಊರ ಹೊರಗಾತು. ನಾವೂ ಹೊರಗೆ ಒಲೆ ಹಚ್ಚಿಲ್ವಾ? ಅವರ್ದೂ ಒಂದು ಒಲೆ."

ಗೌಡರು ನಕ್ಕಾರೇ ಎಂದು ನೋಡಿದೆ. ನಗಲಿಲ್ಲ. ಹಿಂದೆ ಯಾರೋ, "ಹೊಗೆ ಮೊದ್ಲೇ ಎದ್ದೈತಲ್ಲ!" ಎಂದು ಗೊಣಗಿದರು. ಅಜ್ಜಿ, "ಮಾರಮ್ಮ ಕೇಳಿದ್ರೆ ನನ್ನ ಹೆಸರು ಹೇಳು. ಅವಳಿಗೂ ನನಗೂ ಲೆಕ್ಕ ಇನ್ನೂ ಐತೆ" ಎಂದಳು. ಗೌಡರು ಬಡಿಗೆ ಕೆಳಗಿಟ್ಟು, ಇಮಾಂಸಾಬನಿಗೆ ಕಣ್ಸನ್ನೆ ಮಾಡಿದರು.

ಅವನು ಕವೆಗೋಲು ಹಾಕಿ ಎಳೆದ. ನಾನೂ ಬರಿಗೈಯಲ್ಲೇ ಎಳೆದೆ. ಅಗಸೆಯ ಮುಂದಿದ್ದ ಮುಳ್ಳಿನ ರಾಶಿ ಧೂಳೆಬ್ಬಿಸುತ್ತ ನಮ್ಮ ಬಾಗಿಲ ಮುಂದೆ ಹಾದು, ಮನೆಯ ಆಚೆ ಗೋಡೆಯ ಪಕ್ಕ ಹೋಗಿ ನಿಂತಿತು. ಒಂದು ಗಳಿಗೆಯ ಹಿಂದೆ ಊರೊಳಗಿದ್ದ ಮನೆ ಈಗ ಊರ ಹೊರಗಿತ್ತು. ನಾನು ಬೀಗ ತೆಗೆದೆ. ಹೆಂಗಸರು ಒಳಗೆ ಹೋದರು. ಅಡ್ಡಲಾಗಿದ್ದ ಕೂಸನ್ನು ರೂತಮ್ಮ ಹೊಟ್ಟೆಯ ಮೇಲಿಂದಲೇ ನೀವಿ ತಿರುಗಿಸಿದರಂತೆ; ಮಧ್ಯಾಹ್ನದ ಹೊತ್ತಿಗೆ ಮಗಳು ಹುಟ್ಟಿದಳು. ಮೊದಲು ಅಳಲೇ ಇಲ್ಲ, ರೂತಮ್ಮ ಕಾಲು ಹಿಡಿದೆತ್ತಿ ಬೆನ್ನು ತಟ್ಟಿದ ಮೇಲೆ ಅತ್ತಳು. ಹೊರಗೆ ಕಾದಿದ್ದ ಜನ ಹೊಲಕ್ಕೆ ಹಿಂತಿರುಗಿದರು. ಸಂಜೆ ಮುಳ್ಳು ತೆಗೆದು ಎಲ್ಲರೂ ಊರು ಹೊಕ್ಕರು. ದಾರಿಯಲ್ಲಿ ನಮ್ಮ ಬಾಗಿಲಲ್ಲಿ ಯಾರೂ ನಿಲ್ಲಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬೀದಿಯಲ್ಲಿ ನಿಂತು ಹೊಗೆ ನೋಡುವವನಾಗುತ್ತಿರಲಿಲ್ಲ. ಊರು ಒಪ್ಪಿತ್ತು, ಆದರೆ ಸಾಲ ಕೊಟ್ಟಂಥ ಒಪ್ಪಿಗೆ ಅದು. ಇನ್ನೊಬ್ಬರಿಗೆ ರೋಗ ತಗುಲಿದರೆ ಹೊಗೆಯ ನೆನಪು ಎಲ್ಲರಿಗೂ ಬರುತ್ತದೆ. ನಾನು ಕೂಸಿನ ಮುಖ ನೋಡುವುದು ಬಿಟ್ಟು ಓಣಿಯಲ್ಲಿ ಯಾರಾದರೂ ಓಕರಿಸುವ ಸದ್ದಿಗೆ ಕಿವಿ ಕೊಟ್ಟು ಕೂತಿರುತ್ತಿದ್ದೆ. ಯಾರಾದರೂ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದೆ.

ಗುರುವಾರ ಸುದ್ದಿ ಬಂತು. ಹಾಲಮ್ಮಜ್ಜಿಗೆ ವಾಂತಿ.

ಬೇರೆ ಯಾರಿಗಾದರೂ ಆಗಬಾರದಿತ್ತೇ ಎಂದು ನಾನು ಅಂದುಕೊಂಡೆ. ಎಂಥ ಮಾತು! ಆದರೆ ಅಂದುಕೊಂಡದ್ದು ಅದೇ. ರೂತಮ್ಮ ಕೊಡೆ ತೆಗೆದುಕೊಂಡು ಆಗಲೇ ಹೊರಟಿದ್ದರು. "ಹೋಗಬೇಡಿ ಅಮ್ಮ, ಅಜ್ಜಿಗೆ ಏನಾದರೂ ಆದರೆ ನಿಮ್ಮ ತಲೆಗೆ ಕಟ್ಟುತ್ತಾರೆ" ಎಂದೆ. "ಹೋಗದಿದ್ರೂ ಕಟ್ತಾರೆ. ಹೋಗೇ ಕಟ್ಟಿಸ್ಕೊಳ್ಳಾನ" ಎಂದು ನಡೆದರು.

ಸ್ವಲ್ಪ ಹೊತ್ತಿಗೆ ನಮ್ಮ ಮನೆಯ ಎದುರು ಕಟ್ಟೆಯ ಮೇಲೆ ಗಂಡಸರು ಬಂದು ಕುಳಿತರು. ಬೈಯಲಿಲ್ಲ, ಕಲ್ಲು ಎತ್ತಲಿಲ್ಲ. ಬೀಡಿ ಸೇದುತ್ತ ನಮ್ಮ ಬಾಗಿಲು ನೋಡುತ್ತ ಕುಳಿತರು. ಇಮಾಂಸಾಬ್ ನಮ್ಮ ಜಗಲಿಯ ಮೇಲೆ ಹತ್ತಿ ಹಿಂಜುವ ಬಿಲ್ಲು ಹಾಕಿಕೊಂಡು ಕುಳಿತ. ಇಡೀ ದಿನ ಯಾರಿಗೂ ಬೇಡದ ಹತ್ತಿಯನ್ನು ಹಿಂಜಿದ. ಒಳಗೆ ಪಾರ್ವತಿ ಕೂಸನ್ನು ಎದೆಗೊತ್ತಿಕೊಂಡು, "ಅಜ್ಜಿ ಬೈಗಳ ಕೇಳ್ತೈತೇನ್ರೀ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

ಕೇಳುತ್ತಿತ್ತು. ಓಣಿಯ ಆ ತುದಿಯ ಮನೆಯಿಂದ ಅಜ್ಜಿ ಮಾರಮ್ಮನನ್ನು ಬೈಯುವುದು ನಮ್ಮ ತನಕ ಬರುತ್ತಿತ್ತು. ಅದರ ನಡುನಡುವೆ ರೂತಮ್ಮ ತಮ್ಮ ದೇವರನ್ನು ವಿಚಾರಿಸಿಕೊಳ್ಳುವ ದನಿ. ಇಬ್ಬರು ಹೆಂಗಸರು, ಇಬ್ಬರು ದೇವರು, ದೂರು ಒಂದೇ. ಕಟ್ಟೆಯ ಮೇಲಿನವರೂ ಅದನ್ನೇ ಕೇಳುತ್ತಿದ್ದರು. ಬೈಗಳ ಜೋರಾದರೆ ಬೀಡಿಯ ಹೊಗೆ ಹಗುರವಾಗಿ ಬಿಡುತ್ತಿದ್ದರು. ಸಣ್ಣಗಾದರೆ ಸೇದುವುದು ನಿಲ್ಲುತ್ತಿತ್ತು. ಆಗ ನನಗೆ ಕಂಡಿತು: ನನ್ನ ಭಯಕ್ಕೂ ಅವರ ಭಯಕ್ಕೂ ನಡುವೆ ಇದ್ದದ್ದು ಒಂದು ಓಣಿಯ ಅಗಲ. ನಾನು ಅವರಿಗೆ ಅಂಜಿದ್ದೆ. ಅವರು ಅಂಜಿದ್ದರಿಂದ ಬಡಿಗೆ ಹಿಡಿದಿದ್ದರು.

ಸಂಜೆಗೆ ಬೈಗಳ ನಿಂತಿತು.

ರೂತಮ್ಮನ ದನಿಯೂ ನಿಂತಿತು. ಕಟ್ಟೆಯ ಮೇಲೆ ಗೌಡರು ಎದ್ದು ನಿಂತರು. ಇಮಾಂಸಾಬನ ಬಿಲ್ಲು ಕೈಯಲ್ಲೇ ಉಳಿಯಿತು. ನಾನು ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. ಹಣೆಗೆ ವಿಭೂತಿ ಹಚ್ಚಿದ ನನ್ನ ಬಾಯಲ್ಲಿ ಆಗ ಬಂದದ್ದು ಆ ಪ್ರಾರ್ಥನೆ; ಪಾಠದ ಮಾತುಗಳಲ್ಲಿ ಅಲ್ಲ, ಅವೆಲ್ಲ ಮರೆತುಹೋಗಿದ್ದವು. "ಯಾಕೆ ಕಿತ್ತೆ? ಬೇಲಿ ಯಾಕೆ ಕಿತ್ತೆ?" ಅಷ್ಟೇ. ಯಾವ ದೇವರನ್ನು ಕೇಳಿದೆನೋ ತಿಳಿಯದು. ಬಾಗಿಲ ಆಚೆ ಇದ್ದವರನ್ನೂ ಸೇರಿಸಿಯೇ ಕೇಳಿದೆ, ಬೇರೆ ಹೇಗೂ ಕೇಳಲು ಬರಲಿಲ್ಲ. ಕತ್ತಲಾಯಿತು. ಯಾರೂ ಮನೆಗೆ ಹೋಗಲಿಲ್ಲ.

ಬೆಳಕು ಹರಿಯುವಾಗ ಇಮಾಂಸಾಬ್ ಬಾಗಿಲು ಬಡಿದ. "ಮೇಷ್ಟ್ರೇ, ಹೊರಗೆ ಬರ್ರಿ."

ಪಾರ್ವತಿ, "ಹೋಗ್ರಿ, ಏನಾಗೈತೋ ನೋಡ್ರಿ" ಎಂದಳು. ಹೋದೆ. ಕಟ್ಟೆಯ ಮೇಲಿನವರೆಲ್ಲ ಓಣಿಯ ನಡುವೆ ನಿಂತು ಕುತ್ತಿಗೆ ಎತ್ತಿ ನೋಡುತ್ತಿದ್ದರು. ನಾನೂ ನೋಡಿದೆ.

ಹಾಲಮ್ಮಜ್ಜಿಯ ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಏಳುತ್ತಿತ್ತು. ಅದರ ಹಿಂದೆಯೇ, ಒಡೆದ ಗಂಟಲಿನಿಂದ: "ಇದೇನು ಗಂಜಿ ಕಾಯಿಸ್ತೀಯೋ ಸಮುದ್ರ ಕಾಯಿಸ್ತೀಯೋ? ಎಷ್ಟು ಉಪ್ಪೇ ನರ್ಸಮ್ಮಾ!"

ಗೌಡರು ಅಲ್ಲೇ ನೆಲದ ಮೇಲೆ ಕುಳಿತು ಮುಖ ಮುಚ್ಚಿಕೊಂಡರು. ಆ ಹೊಗೆ ಬಾಗಿ, ಇನ್ನೊಂದು ಮನೆಯ ಹೊಗೆಗೆ ಸೇರುವ ತನಕ ನಾವೆಲ್ಲ ಒಟ್ಟಿಗೆ ನಿಂತು ನೋಡಿದೆವು.